ಗಾಮಾ ಕಿರಣ ತಡೆಯುವ ಗಾಜು: ಸೀಸವೇ ಬೇಕೆ, ಬಿಸ್ಮತ್ ಸಾಕೆ?

ಪ್ರಶ್ನೆ – ಸಂಶೋಧನಾರ್ಥಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ವಿಜಯಪುರದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಅದರ ಜೊತೆಗೆ ಈ ವರ್ಷದಿಂದ ಪಿಎಚ್‌ಡಿ ಕೆಲಸವನ್ನೂ ಕೈಗೆತ್ತಿಕೊಂಡಿದ್ದೇನೆ. ಗಾಮಾ ಕಿರಣಗಳನ್ನು ತಡೆಯುವ, ಆದರೆ ಆಚೆ ಬದಿಯ ಕೆಲಸವನ್ನು ಕಣ್ಣಿಗೆ ಕಾಣಗೊಡುವ ಗಾಜನ್ನು ತಯಾರಿಸಿ, ಅದರ ಗುಣಗಳನ್ನು ಅಳೆಯುವುದು ನನ್ನ ವಿಷಯ. ಸೀಸ ವಿಷಕಾರಿಯಾದ್ದರಿಂದ ಅದನ್ನು ಬಿಟ್ಟು, ಬಿಸ್ಮತ್ ಆಕ್ಸೈಡ್ ಮತ್ತು ಬೋರಾನ್ ಆಕ್ಸೈಡ್ ಸೇರಿಸಿ ಮಾಡಿದ ಗಾಜನ್ನು ಆರಿಸಿಕೊಳ್ಳುವಂತೆ ಮಾರ್ಗದರ್ಶಕರು ಸೂಚಿಸಿದ್ದಾರೆ. ಬಿಸ್ಮತ್ ಆಕ್ಸೈಡ್ ಪ್ರಮಾಣವನ್ನು ಮೋಲ್ ಲೆಕ್ಕದಲ್ಲಿ ಶೇ. 20, 30, 40 ಎಂದು ಏರಿಸುತ್ತ ಹೋಗಿ, 1200 ಡಿಗ್ರಿವರೆಗೆ ಕಾಯುವ ನಮ್ಮ ಮಫಲ್ ಕುಲುಮೆಯಲ್ಲಿ ಕರಗಿಸಿ ಎರೆಯಬೇಕೆಂದಿದ್ದೇನೆ.

ಆದರೆ ಓದಿದಷ್ಟೂ ಗೊಂದಲ ಹೆಚ್ಚಾಗುತ್ತಿದೆ. ಒಬ್ಬರು ಟೆಲ್ಲುರಿಯಂ, ಮತ್ತೊಬ್ಬರು ಟಂಗ್‌ಸ್ಟನ್, ಮಗದೊಬ್ಬರು ಗ್ಯಾಡೊಲಿನಿಯಂ ಸೇರಿಸುತ್ತಾರೆ. ಪ್ರತಿಯೊಂದು ಪ್ರಬಂಧದ ಕೊನೆಯಲ್ಲೂ ಆ ಪ್ರಬಂಧದ ಗಾಜೇ ಎಲ್ಲಕ್ಕಿಂತ ಉತ್ತಮ ಎಂಬ ತೀರ್ಮಾನವಿರುತ್ತದೆ. ಬಿಸ್ಮತ್ ಗಾಜು ನಿಜವಾಗಿಯೂ ಸೀಸದ ಗಾಜಿನ ಜಾಗವನ್ನು ತುಂಬಬಲ್ಲದೆ, ಅಥವಾ ಇದು ಕೇವಲ ಸದ್ಯದ ಹವೆಯೆ? ಒಂದು ಗಾಜು ಇನ್ನೊಂದಕ್ಕಿಂತ ಮೇಲು ಎನ್ನಲು ಯಾವ ಅಂಕಿಯನ್ನು ನೋಡಬೇಕು? ನಮ್ಮ ಪ್ರಯೋಗಾಲಯದಲ್ಲಿ ಗಾಮಾ ಎಣಿಸುವ ಸೋಡಿಯಂ ಅಯೋಡೈಡ್ ಡಿಟೆಕ್ಟರ್, ಗಾಮಾ ಮೂಲಗಳಾದ ಸೀಸಿಯಂ-137 ಮತ್ತು ಹಳೆಯ ಕೋಬಾಲ್ಟ್-60 ಡಿಸ್ಕ್‌ಗಳಿವೆ. ಅಳತೆಗೆ ಇಷ್ಟು ಸಾಕಾದೀತೆ? ಜೊತೆಗೆ, ಹಳೆಯ ಟಿವಿ ಕೊಳವೆಯ ಗಾಜನ್ನೋ ಬಾಟಲಿ ಗಾಜನ್ನೋ ಪುಡಿಮಾಡಿ ಬಳಸಿದರೆ ಖರ್ಚು ಉಳಿಯುತ್ತದೆ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟಿದ್ದಾರೆ. ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ – ವೈದ್ಯಕೀಯ ಭೌತತಜ್ಞ, ಬೆಳಗಾವಿ

ಗಾಜಿನ ಸೂತ್ರಕ್ಕೆ ಕೈಹಾಕುವ ಮೊದಲು, ನೀವು ತಡೆಯಬೇಕಾದ ಗಾಮಾ ಯಾವ ಶಕ್ತಿಯದು ಎಂಬುದನ್ನು ಗಟ್ಟಿಮಾಡಿಕೊಳ್ಳಿ. ಈ ಒಂದು ಮಾತನ್ನು ಬದಿಗಿಟ್ಟು ಯಾವ ಗಾಜು ಉತ್ತಮ ಎಂದು ಕೇಳಿದರೆ ಉತ್ತರವೇ ಸಿಗುವುದಿಲ್ಲ.

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಲ್ಲಿ ದಿನನಿತ್ಯ ಬಳಸುವ ಟೆಕ್ನೀಶಿಯಂ-99ಎಂ ಹೊರಸೂಸುವ ಗಾಮಾದ ಶಕ್ತಿ 140 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್, ಕಿರಣದ ಶಕ್ತಿ ಅಳೆಯುವ ಮಾನ). ಈ ಕಿರಣಗಳ ತೀವ್ರತೆಯನ್ನು ಅರ್ಧಕ್ಕಿಳಿಸಲು ಸಾಧಾರಣ ಕಿಟಕಿ ಗಾಜು ಸುಮಾರು 2 ಸೆಂ.ಮೀ. ದಪ್ಪ ಬೇಕು; 5.2 ಸಾಂದ್ರತೆಯ (ಘನ ಸೆಂ.ಮೀ.ಗೆ 5.2 ಗ್ರಾಂ) ಸೀಸದ ಗಾಜಾದರೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ದಪ್ಪದಲ್ಲಿ ಅದೇ ಕೆಲಸ ಮುಗಿಸುತ್ತದೆ, ಅಂದರೆ ಇಪ್ಪತ್ತು ಪಟ್ಟಿಗೂ ಮೀರಿದ ವ್ಯತ್ಯಾಸ. ಸೀಸಿಯಂ-137ರ 662 ಕೆಇವಿಗೆ ಬಂದರೆ ಅದೇ ಎರಡು ಗಾಜುಗಳ ಅರ್ಧಮೌಲ್ಯ ಪದರ (ತೀವ್ರತೆಯನ್ನು ಅರ್ಧಕ್ಕಿಳಿಸುವ ದಪ್ಪ) ಕ್ರಮವಾಗಿ 3.6 ಮತ್ತು 1.4 ಸೆಂ.ಮೀ. ಆಸುಪಾಸಿಗೆ ಬರುತ್ತದೆ. ಕೋಬಾಲ್ಟ್-60ರ 1.17 ಮತ್ತು 1.33 ಎಂಇವಿ (ಸಾವಿರ ಕೆಇವಿ) ಕಿರಣಗಳಿಗೆ ಸುಮಾರು 5 ಮತ್ತು 2.3 ಸೆಂ.ಮೀ. ಇಪ್ಪತ್ತು ಪಟ್ಟಿನ ಅಂತರ ಇಲ್ಲಿ ಎರಡು ಪಟ್ಟಿಗೆ ಇಳಿದಿರುವುದನ್ನು ಗಮನಿಸಿ; ಆ ಎರಡು ಪಟ್ಟೂ ಗಾಜುಗಳ ಸಾಂದ್ರತೆಯ ಅನುಪಾತವೇ ಹೊರತು ಬೇರೆ ಏನೂ ಅಲ್ಲ. ಇವೆಲ್ಲ ಕಿರಿದಾದ ಕಿರಣಪುಂಜಕ್ಕೆ ಅನ್ವಯಿಸುವ ಲೆಕ್ಕಗಳು. ಅಗಲವಾದ ಪುಂಜದಲ್ಲಿ ಚದುರಿದ ಕಿರಣಗಳೂ ಸೇರಿಕೊಳ್ಳುವುದರಿಂದ ಇನ್ನೂ ಸ್ವಲ್ಪ ದಪ್ಪ ಬೇಕಾಗುತ್ತದೆ.

ಕಾರಣ ನಿಮಗೆ ಗೊತ್ತಿರುವುದೇ. ಕಡಿಮೆ ಶಕ್ತಿಯಲ್ಲಿ ದ್ಯುತಿವಿದ್ಯುತ್ ಪರಿಣಾಮ (ಪರಮಾಣು ಕಿರಣವನ್ನು ಪೂರ್ತಿ ಹೀರಿ ಎಲೆಕ್ಟ್ರಾನನ್ನು ಹೊರಹಾಕುವುದು) ಮೇಲುಗೈ ಪಡೆದಿರುತ್ತದೆ, ಮತ್ತು ಅದು ಪರಮಾಣು ಸಂಖ್ಯೆಯ ನಾಲ್ಕನೆಯ ಘಾತಕ್ಕೂ ಮೀರಿ ಏರುತ್ತದೆ. ಒಂದು ಎಂಇವಿಯ ಸುತ್ತಮುತ್ತ ಕಾಂಪ್ಟನ್ ಚದುರಿಕೆಯದೇ (ಕಿರಣ ಎಲೆಕ್ಟ್ರಾನಿಗೆ ಬಡಿದು ದಿಕ್ಕು ಬದಲಿಸುವುದರದೇ) ಆಳ್ವಿಕೆ. ಅದಕ್ಕೆ ಬೇಕಾದದ್ದು ಎಲೆಕ್ಟ್ರಾನುಗಳ ಸಂಖ್ಯೆ ಮಾತ್ರ. ಹೈಡ್ರೋಜನ್ ಒಂದನ್ನು ಬಿಟ್ಟರೆ, ಒಂದು ಗ್ರಾಂ ವಸ್ತುವಿನಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯಲ್ಲಿ ಧಾತುವಿನಿಂದ ಧಾತುವಿಗೆ ದೊಡ್ಡ ಭೇದವಿಲ್ಲ. ಆದ್ದರಿಂದಲೇ ಕೋಬಾಲ್ಟ್ ಶಕ್ತಿಯಲ್ಲಿ ಸೀಸದ ದ್ರವ್ಯರಾಶಿ ಕ್ಷೀಣತಾ ಗುಣಾಂಕ (ಗ್ರಾಂ ಲೆಕ್ಕದಲ್ಲಿ ವಸ್ತು ಕಿರಣವನ್ನು ಎಷ್ಟು ತಡೆಯುತ್ತದೆಂಬ ಅಳತೆ) ಪ್ರತಿ ಗ್ರಾಂಗೆ ಸುಮಾರು 0.059 ಚದರ ಸೆಂ.ಮೀ. ಇದ್ದರೆ, ಮರಳಿನಿಂದಾದ ಸಾದಾ ಗಾಜಿನದೂ 0.057ರ ಹತ್ತಿರವೇ ಇರುತ್ತದೆ.

ಬಿಸ್ಮತ್ ವಿಷಯಕ್ಕೆ ಬರೋಣ. ಸೀಸದ ಪರಮಾಣು ಸಂಖ್ಯೆ 82, ಬಿಸ್ಮತ್‌ನದು 83. ಕೆ-ಅಂಚು (ಹೀರುವಿಕೆ ಒಮ್ಮೆಲೇ ಜಿಗಿದೇರುವ ಶಕ್ತಿ) ಒಂದರದು 88.0, ಇನ್ನೊಂದರದು 90.5 ಕೆಇವಿ. ಭೌತಶಾಸ್ತ್ರದ ದೃಷ್ಟಿಯಿಂದ ಸೀಸ ಮಾಡುವ ಕೆಲಸವನ್ನೆಲ್ಲ ಬಿಸ್ಮತ್ ಮಾಡುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಬಿಸ್ಮತ್‌ನ ಬಹುಪಾಲು ಸೀಸ ಮೊದಲಾದ ಲೋಹಗಳ ಶುದ್ಧೀಕರಣದಲ್ಲಿ ಉಪ-ಉತ್ಪನ್ನವಾಗಿಯೇ ದೊರೆಯುತ್ತದೆ ಎಂಬುದನ್ನು "ಹಸಿರು ಗಾಜು" ಎಂದು ಬರೆಯುವವರು ಹೇಳುವುದಿಲ್ಲ.

ಎಕ್ಸ್-ರೇ ಕೋಣೆಯ ಕಿಟಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗಾಜು ಮಾಡುವವರಾದರೆ ಬೇರಿಯಂ ಅನ್ನು ಅಲಕ್ಷಿಸಬೇಡಿ. ಅದರ ಕೆ-ಅಂಚು 37.4 ಕೆಇವಿಯಲ್ಲಿದೆ. ಅಲ್ಲಿಂದ ಸೀಸದ 88ರವರೆಗಿನ ನಡುವಿನ ಪಟ್ಟಿಯಲ್ಲಿ, ಉದಾಹರಣೆಗೆ 60 ಕೆಇವಿಯಲ್ಲಿ, ಗ್ರಾಂ ಲೆಕ್ಕದಲ್ಲಿ ಬೇರಿಯಂ ಸೀಸಕ್ಕಿಂತ ಹೆಚ್ಚು ಹೀರಿಕೊಳ್ಳುತ್ತದೆ.

ಇನ್ನು ಬಳಕೆಯ ಬಗ್ಗೆ ಒಂದೆರಡು ಮಾತು. ಆಸ್ಪತ್ರೆಗಳಲ್ಲಿ ಸೀಸದ ಗಾಜು ಕಾಣಸಿಗುವುದು ಮುಖ್ಯವಾಗಿ ವಿಕಿರಣ ಔಷಧಿಯ ಡೋಸ್ ಸಿದ್ಧಪಡಿಸುವಾಗ ಮುಂದಿಡುವ ತಡೆಯಾದ ಎಲ್-ಬ್ಲಾಕ್‌ನ ಓರೆ ಕಿಟಕಿಯಲ್ಲಿ, ಸಿರಿಂಜಿನ ಹೊದಿಕೆಯಲ್ಲಿ ಮತ್ತು ಎಕ್ಸ್-ರೇ, ಸಿಟಿ ಕೋಣೆಗಳ ವೀಕ್ಷಣಾ ಕಿಟಕಿಯಲ್ಲಿ. ಕೋಬಾಲ್ಟ್ ಚಿಕಿತ್ಸೆಯ ಕೋಣೆಯಲ್ಲಿ ರೋಗಿಯನ್ನು ನೋಡಲು ಈಗ ಗಾಜಿನ ಬದಲು ಕ್ಯಾಮೆರಾ ಬಂದಿದೆ. ಅಷ್ಟು ದಪ್ಪದ ಕಿಟಕಿ ಇಡುವ ಖರ್ಚಿಗಿಂತ ಕ್ಯಾಮೆರಾ ಎಷ್ಟೋ ಅಗ್ಗ. ನಮ್ಮಲ್ಲಿ ಎಲ್-ಬ್ಲಾಕ್‌ನ ಗಾಜಿಗೆ ತೊಂದರೆಯಾದದ್ದು ವಿಕಿರಣದಿಂದಲ್ಲ, ಶುಚಿಗೊಳಿಸುವವರಿಂದ: ನೆಲಕ್ಕೆ ಬಳಸುವ ಆಮ್ಲದ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದಲೇ ಯಾರೋ ಗಾಜನ್ನೂ ಒರೆಸಿಬಿಟ್ಟರು, ಕೆಳ ಅಂಚಿನಲ್ಲಿ ಅಂಗೈ ಅಗಲದ ಬಿಳಿ ಮಬ್ಬು ಕೂತುಬಿಟ್ಟಿತು, ಅದು ಮತ್ತೆ ಹೋಗಲಿಲ್ಲ. ಸೀಸದ ಪ್ರಮಾಣ ಹೆಚ್ಚಿದಷ್ಟೂ ಗಾಜಿನ ಮೇಲ್ಮೈ ಆಮ್ಲಕ್ಕೂ ತೇವಕ್ಕೂ ಸುಲಭವಾಗಿ ತುತ್ತಾಗುತ್ತದೆ. ಬೋರೇಟ್ ಗಾಜುಗಳಿಗೂ ನೀರು ಅಷ್ಟಾಗಿ ಒಗ್ಗುವುದಿಲ್ಲ. ನಿಮ್ಮ ಪ್ರಬಂಧದಲ್ಲಿ ನೀರಿನಲ್ಲಿ ನೆನೆಸಿ ತೂಕ ನೋಡುವ ಪರೀಕ್ಷೆಯೊಂದು ಇದ್ದರೆ, ಐದಾರು ಗ್ರಾಫ್‌ಗಳಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಉತ್ತರ – ಸೆರಾಮಿಕ್ ಎಂಜಿನಿಯರ್ (ನಿವೃತ್ತ), ಬಾಗಲಕೋಟೆ

ಮೇಲಿನವರು ತಡೆಯುವ ಗುಣದ ಬಗ್ಗೆ ಹೇಳಿದ್ದಾರೆ. ನಾನು ಗಾಜಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ಇಂತಹ ಸಂಶೋಧನೆಗಳಲ್ಲಿ ಬಹಳಷ್ಟು ಸಲ ಮರೆತುಹೋಗುವುದು ಅದೇ.

ಬಿಸ್ಮತ್ ಬೋರೇಟ್ ಗಾಜನ್ನು ಕರಗಿಸುವುದು ಕಷ್ಟವಲ್ಲ, 1000 ಡಿಗ್ರಿಯ ಆಸುಪಾಸಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ. ಕಷ್ಟವಿರುವುದು ಬಣ್ಣದಲ್ಲಿ. ತಾಪ ಹೆಚ್ಚಾದರೆ, ಅಥವಾ ಹೆಚ್ಚು ಹೊತ್ತು ಕುಲುಮೆಯಲ್ಲಿ ಬಿಟ್ಟರೆ, ಬಿಸ್ಮತ್ ಆಕ್ಸೈಡ್‌ನ ಒಂದಂಶ ಆಮ್ಲಜನಕ ಕಳೆದುಕೊಂಡು ಲೋಹದ ಸೂಕ್ಷ್ಮ ಕಣಗಳಾಗುತ್ತದೆ, ತಿಳಿಹಳದಿಯಾಗಿರಬೇಕಾದ ಗಾಜು ಕಂದುಬಣ್ಣಕ್ಕೆ, ಕೊನೆಗೆ ಕಪ್ಪಿಗೆ ತಿರುಗುತ್ತದೆ. ಆಂಟಿಮನಿ ಆಕ್ಸೈಡ್ ಅಥವಾ ಸೀರಿಯಂ ಆಕ್ಸೈಡ್ ಅನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಆದಷ್ಟು ಕಡಿಮೆ ತಾಪದಲ್ಲಿ ಕರಗಿಸಿ. ಮಿಶ್ರಣದಲ್ಲಿ ಕಾಗದದ ಚೂರು, ಎಣ್ಣೆಯ ಪಸೆ ಇರದಂತೆ ನೋಡಿಕೊಳ್ಳಿ. ಪ್ಲಾಟಿನಂ ಮೂಸೆ ಇದೆಯೆಂದು ಯಾರಾದರೂ ಕೊಡಲು ಬಂದರೆ ಎರಡು ಸಲ ಯೋಚಿಸಿ, ಬೇರ್ಪಟ್ಟ ಬಿಸ್ಮತ್ ಲೋಹ ಪ್ಲಾಟಿನಂ ಜೊತೆ ಬೆರೆತು ಮೂಸೆಯನ್ನೇ ತೂತು ಮಾಡಬಲ್ಲದು. ಅಲ್ಯುಮಿನಾ ಮೂಸೆ ಸುರಕ್ಷಿತ, ಆದರೆ ಅದರ ಗೋಡೆ ಸ್ವಲ್ಪ ಸ್ವಲ್ಪವಾಗಿ ಗಾಜಿನಲ್ಲಿ ಕರಗುತ್ತದೆ. ಹಾಗಾಗಿ ನೀವು ತೂಗಿ ಹಾಕಿದ ಮಿಶ್ರಣ ಬೇರೆ, ಕೊನೆಗೆ ಕೈಗೆ ಬರುವ ಗಾಜು ಬೇರೆ. ಸಾಧ್ಯವಾದರೆ ಎರೆದ ನಂತರದ ಗಾಜಿನ ಸಂಯೋಜನೆಯನ್ನೇ ಪರೀಕ್ಷೆ ಮಾಡಿಸಿ.

ಎರೆದ ಗಾಜನ್ನು ಕೂಡಲೇ ಇನ್ನೊಂದು ಕುಲುಮೆಗೆ ಸಾಗಿಸಿ, ಗಾಜುಸ್ಥಿತಿಯ ತಾಪಕ್ಕಿಂತ (ಮೆದುವಾದ ಗಾಜು ಗಟ್ಟಿಯಾಗುವ ತಾಪ) ತುಸು ಕೆಳಗೆ ಕೆಲವು ತಾಸು ಇಟ್ಟು, ನಿಧಾನವಾಗಿ ತಣಿಸಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಯಾವಾಗ ಕೈಕೊಡುತ್ತದೆಂದು ಹೇಳಲಾಗದು. ಈ ಕುಲುಮೆಗೆ ಉಷ್ಣನಿರೋಧಕ ಇಟ್ಟಿಗೆಯ ಇನ್ನೊಂದು ಸುತ್ತು ಕಟ್ಟಿದರೆ ವಿದ್ಯುತ್ ಹೋದರೂ ಅದು ತಾನಾಗಿಯೇ ನಿಧಾನಕ್ಕೆ ತಣಿಯುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಸಾಮಾನು ಪೂರೈಸುವವರ ಹತ್ತಿರ ವಿಚಾರಿಸಿ.

ಈಗ ನನ್ನ ತಕರಾರು. ನೀವು ಮಾಡುವುದು ರೂಪಾಯಿ ನಾಣ್ಯದ ಅಗಲದ ಬಿಲ್ಲೆ. ಪರಮಾಣು ಸ್ಥಾವರಗಳಲ್ಲಿ ಬಳಸಿದ ಇಂಧನವನ್ನು ಯಂತ್ರದ ಕೈಗಳಿಂದ ನಿರ್ವಹಿಸುವ ಹಾಟ್ ಸೆಲ್ ಎಂಬ ಕೋಣೆಗಳಿಗೆ ಬೇಕಾಗುವುದು ನೂರಾರು ಕಿಲೋ ತೂಕದ, ಗೆರೆಯಿಲ್ಲದ, ಗುಳ್ಳೆಯಿಲ್ಲದ ಗಾಜಿನ ಗಡ್ಡೆಗಳು. ಕೋಣೆಯ ಗೋಡೆ ಒಂದು ಮೀಟರ್ ದಪ್ಪದ, 2.35 ಸಾಂದ್ರತೆಯ ಕಾಂಕ್ರೀಟಿನದಾಗಿದ್ದರೆ ಕಿಟಕಿಯೂ ಅಷ್ಟೇ ತಡೆಯಬೇಕು, 5.2 ಸಾಂದ್ರತೆಯ ಗಾಜಿನಲ್ಲಿ ಅದು ಸುಮಾರು 45 ಸೆಂ.ಮೀ. ಆಗುತ್ತದೆ. ಇಷ್ಟು ದಪ್ಪದಲ್ಲಿ ಗಾಜಿನ ನಸುಹಳದಿ ಬಣ್ಣವೂ ಗಾಢವಾಗಿ ಕಾಣುತ್ತದೆ, ಬಿಲ್ಲೆಯಲ್ಲಿ ಕಣ್ಣಿಗೆ ಬೀಳದ ದೋಷವೆಲ್ಲ ಎದ್ದುಬರುತ್ತದೆ. ಗಡ್ಡೆಗಳ ನಡುವಿನ ಸಂದಿಯಲ್ಲಿ ಬೆಳಕು ಪ್ರತಿಫಲಿಸಿ ನಷ್ಟವಾಗದಿರಲೆಂದು ಹಲವು ಕಿಟಕಿಗಳಲ್ಲಿ ಖನಿಜ ತೈಲ ತುಂಬುತ್ತಾರೆ. ಚೌಕಟ್ಟಿನ ಸಂದಿನಿಂದ ಕಿರಣ ನೇರವಾಗಿ ನುಸುಳದಂತೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸುತ್ತಾರೆ. ಹಿಂದೆ ಗಾಜಿನ ಬದಲು ಜಿಂಕ್ ಬ್ರೋಮೈಡ್ ದ್ರಾವಣ ತುಂಬಿದ ತೊಟ್ಟಿಯನ್ನೇ ಕಿಟಕಿಯಾಗಿ ಬಳಸಿದ್ದೂ ಉಂಟು. ಅದರ ಸಾಂದ್ರತೆ 2.5ರಷ್ಟಿದ್ದು, ಕಾಂಕ್ರೀಟಿಗೆ ಹೆಚ್ಚುಕಡಿಮೆ ಸರಿಹೊಂದುತ್ತಿತ್ತು.

ಇನ್ನೊಂದು ಸಂಗತಿ, ಗಾಜು ಕಂದುವುದು, ಅಂದರೆ ವಿಕಿರಣದಿಂದ ಕಂದುಬಣ್ಣಕ್ಕೆ ತಿರುಗುವುದು. ಗಾಮಾ ಕಿರಣ ಗಾಜಿನೊಳಗೆ ಬಿಡಿಸಿದ ಎಲೆಕ್ಟ್ರಾನುಗಳು ಜಾಲದ ಕೊರತೆಗಳಲ್ಲಿ ಸಿಕ್ಕಿಬಿದ್ದು ಬಣ್ಣದ ಕೇಂದ್ರಗಳಾಗುತ್ತವೆ. ವೈದ್ಯಕೀಯ ಸಾಮಗ್ರಿಗಳ ಕ್ರಿಮಿನಾಶಕ್ಕೆ ರೂಢಿಯಲ್ಲಿರುವ 25 ಕಿಲೋಗ್ರೇ (ಗ್ರೇ ಎಂದರೆ ಹೀರಲ್ಪಟ್ಟ ವಿಕಿರಣದ ಮಾನ) ಡೋಸ್ ಕೊಟ್ಟರೆ ತಿಳಿಯಾದ ಗಾಜಿನ ಸೀಸೆಯೂ ಕಂದುಬಣ್ಣಕ್ಕೆ ತಿರುಗುತ್ತದೆ. ಬಿಸಿ ಮಾಡಿದರೆ ಬಣ್ಣ ಇಳಿಯುತ್ತದೆ. ಸೀರಿಯಂ ಸೇರಿಸಿದ ಗಾಜಿನಲ್ಲಿ ಸೀರಿಯಂ ಅಯಾನುಗಳು ಮೂರು ಮತ್ತು ನಾಲ್ಕು ಆವೇಶಗಳ ನಡುವೆ ಬದಲಾಗುತ್ತ ಆ ಎಲೆಕ್ಟ್ರಾನುಗಳನ್ನೂ ಅವು ಬಿಟ್ಟುಹೋದ ಖಾಲಿ ಸ್ಥಾನಗಳಾದ ರಂಧ್ರಗಳನ್ನೂ ತಾವೇ ಹಿಡಿದುಕೊಳ್ಳುತ್ತವೆ, ಹಾಗಾಗಿ ದೃಷ್ಟಿಗೆ ಅಡ್ಡಿಯಾಗುವ ಬಣ್ಣ ಏಳುವುದಿಲ್ಲ. ಈ ಕಾರಣದಿಂದಲೇ ಹಾಟ್ ಸೆಲ್ ಕಿಟಕಿಯಲ್ಲಿ ವಿಕಿರಣದ ಕಡೆಗಿರುವ ಮೊದಲ ಫಲಕ 2.53 ಸಾಂದ್ರತೆಯ ಸೀರಿಯಂ ಗಾಜಿನದಾಗಿರುತ್ತದೆ, ಭಾರದ ಸೀಸದ ಗಾಜು ಅದರ ಹಿಂದೆ ನಿಲ್ಲುತ್ತದೆ. ಬಹುಕಾಲ ವಿಕಿರಣಕ್ಕೆ ಒಡ್ಡಿಕೊಂಡ ದಪ್ಪ ಸೀಸದ ಗಾಜಿನಲ್ಲಿ ವಿದ್ಯುದಾವೇಶ ಶೇಖರಗೊಂಡು, ಒಂದು ಸಣ್ಣ ಪೆಟ್ಟಿಗೆ ಒಮ್ಮೆಲೇ ಹರಿದು, ಒಳಗೆ ಕವಲುಕವಲಾದ ಬಿರುಕು ಬಿಟ್ಟುಹೋಗುವುದೂ ಇದೆ. ದೇಶದಲ್ಲಿ ಇಂತಹ ಕಿಟಕಿ ಗಾಜಿನ ತಯಾರಿಕೆಯ ಮೇಲೆ ಕೊಲ್ಕತ್ತಾದ ಕೇಂದ್ರ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಭಾಭಾ ಅಣು ಸಂಶೋಧನಾ ಕೇಂದ್ರದ ಜೊತೆಗೂಡಿ ಕೆಲಸ ಮಾಡಿದೆ.

ನಿಮ್ಮ ಬಿಸ್ಮತ್ ಗಾಜು ಕಂದುವುದೋ ಇಲ್ಲವೋ ಎಂಬುದರ ಕಡೆಗೆ ಸಂಶೋಧನೆಯನ್ನು ತಿರುಗಿಸಿದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ತಡೆಯುವ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಕೊಡುತ್ತದೆ, ಕಂದುವುದನ್ನು ಕೊಡುವುದಿಲ್ಲ.

ಮರುಪ್ರಶ್ನೆ – ಸಂಶೋಧನಾರ್ಥಿ, ವಿಜಯಪುರ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಸೀಸಿಯಂ ಇಟ್ಟುಕೊಂಡು ಮೂರೂ ಗಾಜುಗಳ ಕ್ಷೀಣತಾ ಗುಣಾಂಕ ಅಳೆದು, ಬಿಸ್ಮತ್ ಹೆಚ್ಚಿದಂತೆ ಗುಣಾಂಕ ಏರುತ್ತದೆ ಎಂದು ತೋರಿಸುವುದಕ್ಕೆ ಅರ್ಥವಿಲ್ಲವೆ? ನಮ್ಮ ಬಿಲ್ಲೆಗಳ ದಪ್ಪ 5 ಮಿ.ಮೀ. ಇರುತ್ತದೆ.

ಉತ್ತರ – ನಿವೃತ್ತ ಪ್ರಾಧ್ಯಾಪಕ, ಬೆಳಗಾವಿ

ಅರ್ಥವಿದೆ, ಆದರೆ ಎಣಿಕೆಯ ದೋಷ ನಿಮ್ಮ ಫಲಿತಾಂಶವನ್ನೇ ನುಂಗಿಹಾಕದಂತೆ ಎಚ್ಚರ ವಹಿಸಬೇಕು. ನಿಮ್ಮದೇ ಗಾಜುಗಳ ಲೆಕ್ಕ ಮಾಡಿ ತೋರಿಸುತ್ತೇನೆ.

ಮೋಲ್ ಲೆಕ್ಕದ ಶೇ. 20, 30, 40 ಎಂದರೆ ತೂಕದ ಲೆಕ್ಕದಲ್ಲಿ ಬಿಸ್ಮತ್ ಆಕ್ಸೈಡ್ ಕ್ರಮವಾಗಿ ಶೇ. 63, 74, 82 ಆಗುತ್ತದೆ. ಅಂದರೆ ಮೊದಲ ಗಾಜಿನಲ್ಲೇ ಅರ್ಧಕ್ಕೂ ಹೆಚ್ಚು ತೂಕ ಬಿಸ್ಮತ್‌ನದೇ. 662 ಕೆಇವಿಯಲ್ಲಿ ದ್ರವ್ಯರಾಶಿ ಕ್ಷೀಣತಾ ಗುಣಾಂಕ ಹೆಚ್ಚುಕಡಿಮೆ 0.097, 0.101, 0.103 ಬರುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ವ್ಯತ್ಯಾಸ ಶೇ. 2ರ ಆಸುಪಾಸಿನದು. ಈಗ 5 ಮಿ.ಮೀ. ಬಿಲ್ಲೆಯನ್ನು ತೆಗೆದುಕೊಳ್ಳಿ. ಸಾಂದ್ರತೆ 5.8ರಷ್ಟಿದ್ದರೆ ಕಿರಣದ ನಾಲ್ಕರಲ್ಲಿ ಮೂರು ಪಾಲು ಅದನ್ನು ದಾಟಿ ಹೋಗುತ್ತದೆ. ಬಿಲ್ಲೆ ಇಟ್ಟು ಹತ್ತು ಸಾವಿರ, ಇಡದೆ ಹತ್ತು ಸಾವಿರದ ಮೇಲೆ ಒಂದಿಷ್ಟು ಎಣಿಕೆ ತೆಗೆದರೆ, ಪ್ರತಿ ಎಣಿಕೆಯಲ್ಲೂ ಶೇ. 1ರ ಅನಿಶ್ಚಿತತೆ ಇರುತ್ತದೆ. ಆದರೆ ಗುಣಾಂಕಕ್ಕೆ ಬೇಕಾದದ್ದು ಎರಡರ ಅನುಪಾತದ ಲಾಗರಿದಮ್ ಆದ್ದರಿಂದ ಕೊನೆಯ ಅನಿಶ್ಚಿತತೆ ಶೇ. 5ರ ಹತ್ತಿರಕ್ಕೆ ಏರುತ್ತದೆ. ಶೇ. 2ರ ವ್ಯತ್ಯಾಸವನ್ನು ಶೇ. 5ರ ದೋಷವಿರುವ ಅಳತೆಯಿಂದ ಹೇಗೆ ಸಾಧಿಸುತ್ತೀರಿ? ಕಂಪ್ಯೂಟರಿನ ಗೆರೆಯ ಮೇಲೆಯೇ ಪ್ರಯೋಗದ ಬಿಂದುಗಳೆಲ್ಲ ಅಚ್ಚುಕಟ್ಟಾಗಿ ಕೂತಿರುವ ಗ್ರಾಫ್ ನೋಡಿದಾಗ, ದೋಷರೇಖೆ (ಅನಿಶ್ಚಿತತೆ ತೋರಿಸುವ ಗೆರೆ) ಎಲ್ಲಿ ಎಂದು ನಾನು ಮೊದಲು ಹುಡುಕುವುದು ಇದೇ ಕಾರಣಕ್ಕೆ.

ಪರಿಹಾರ ಸರಳವಾಗಿದೆ. ಒಂದೇ ಎರಕದ ನಾಲ್ಕು ಬಿಲ್ಲೆಗಳನ್ನು ಮುಖಗಳು ಸಮಾನಾಂತರವಾಗಿರುವಂತೆ ಉಜ್ಜಿ, ಒಂದರ ಹಿಂದೆ ಒಂದನ್ನು ನಿಲ್ಲಿಸಿ 2 ಸೆಂ.ಮೀ. ಮಾಡಿಕೊಳ್ಳಿ. ಖಾಲಿ ಎಣಿಕೆಯನ್ನು (ಬಿಲ್ಲೆ ಇಡದೆ ತೆಗೆದದ್ದು) ಒಂದು ಲಕ್ಷಕ್ಕೆ ಏರಿಸಿದರೆ ಅನಿಶ್ಚಿತತೆ ಶೇ. ಅರ್ಧಕ್ಕೆ ಇಳಿಯುತ್ತದೆ. ಡಿಟೆಕ್ಟರಿನ ಮುಂದೆಯೂ ಮೂಲದ ಮುಂದೆಯೂ ಕೆಲವೇ ಮಿಲಿಮೀಟರ್ ರಂಧ್ರವಿರುವ ಸೀಸದ ಕೊಲಿಮೇಟರ್ ಇರಲಿ, ಫೋಟೋಪೀಕ್‌ನ (ಪೂರ್ಣ ಶಕ್ತಿಯ ಕಿರಣಗಳು ಮೂಡಿಸುವ ಶಿಖರದ) ಎಣಿಕೆಯನ್ನು ಮಾತ್ರ ತೆಗೆದುಕೊಳ್ಳಿ, ಹಿನ್ನೆಲೆಯನ್ನು ಕಳೆಯಿರಿ. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಬೆಳಗಿನ ಕೋಣೆಗೂ ಮಧ್ಯಾಹ್ನದ ಕೋಣೆಗೂ ಇರುವ ತಾಪದ ಅಂತರಕ್ಕೆ ಸೋಡಿಯಂ ಅಯೋಡೈಡ್ ಡಿಟೆಕ್ಟರಿನ ಪೀಕ್ ಜರುಗದೆ ಇರುವುದಿಲ್ಲ. ಆದ್ದರಿಂದ ಬಿಲ್ಲೆಯೊಂದಿಗಿನ ಎಣಿಕೆ ಮತ್ತು ಖಾಲಿ ಎಣಿಕೆಗಳನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ ತೆಗೆಯಿರಿ. ಎಲ್ಲ ಖಾಲಿ ಎಣಿಕೆಗಳನ್ನು ಬೆಳಿಗ್ಗೆಯೇ ಮುಗಿಸಿಡಬೇಡಿ.

ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಡಿಸ್ಕ್ ಇಪ್ಪತ್ತು ವರ್ಷ ಹಳೆಯದಾಗಿದ್ದರೆ ಅದರಲ್ಲಿ ಉಳಿದಿರುವುದು ಹದಿನಾಲ್ಕರಲ್ಲಿ ಒಂದು ಪಾಲು. ಎಣಿಕೆಗೆ ಅಷ್ಟೇ ತಾಳ್ಮೆ ಬೇಕು, ಮತ್ತು ಆ ಶಕ್ತಿಯಲ್ಲಿ ನಿಮ್ಮ ಮೂರು ಗಾಜುಗಳ ದ್ರವ್ಯರಾಶಿ ಗುಣಾಂಕದಲ್ಲಿ ಭೇದವೇ ಕಾಣುವುದಿಲ್ಲ. ಸಂಯೋಜನೆಯ ಪರಿಣಾಮವನ್ನು ನಿಜವಾಗಿ ತೋರಿಸಬೇಕೆಂದರೆ ಅಮೆರಿಸಿಯಂ-241ರ 59.5 ಕೆಇವಿ, ಬೇರಿಯಂ-133ರ 81 ಮತ್ತು 356 ಕೆಇವಿ ಗಾಮಾಗಳನ್ನು ಬಳಸಿ. ಅಧಿಕೃತ ಡಿಸ್ಕ್ ಮೂಲಗಳು ಮುಂಬೈನ ವಿಕಿರಣ ಮತ್ತು ಐಸೋಟೋಪ್ ತಂತ್ರಜ್ಞಾನ ಮಂಡಳಿಯಿಂದ ಕಾಲೇಜುಗಳಿಗೆ ಬರುತ್ತವೆ. ಆದರೆ 59.5 ಕೆಇವಿಗೆ ಮಾತ್ರ ನಿಮ್ಮ 5 ಮಿ.ಮೀ. ಬಿಲ್ಲೆ ವಿಪರೀತ ದಪ್ಪ, ಕಿರಣ ಆಚೆ ಬರುವುದೇ ಇಲ್ಲ. ಒಂದು ಮಿಲಿಮೀಟರಿಗಿಂತ ತೆಳುವಾದ ಪಟ್ಟಿಯನ್ನು ಕೊಯ್ದುಕೊಳ್ಳಬೇಕಾಗುತ್ತದೆ.

ಸಾಂದ್ರತೆಯನ್ನು ಆರ್ಕಿಮಿಡೀಸ್ ವಿಧಾನದಿಂದ ಬಲು ಜಾಗರೂಕತೆಯಿಂದ ಅಳೆಯಿರಿ. 662 ಕೆಇವಿಯಲ್ಲಿ ನಿಮ್ಮ ಗಾಜುಗಳ ರೇಖೀಯ ಗುಣಾಂಕದಲ್ಲಿ (ದ್ರವ್ಯರಾಶಿ ಗುಣಾಂಕವನ್ನು ಸಾಂದ್ರತೆಯಿಂದ ಗುಣಿಸಿದ್ದು) ಏರಿಕೆ ಕಂಡರೆ, ಅದರ ದೊಡ್ಡ ಪಾಲು ಸಾಂದ್ರತೆಯಿಂದ ಬಂದದ್ದು. ಬೋರೇಟ್ ಗಾಜು ನೀರಿಗೆ ಸ್ಪಂದಿಸುವ ಸಂಭವವಿರುವುದರಿಂದ ಮುಳುಗಿಸುವ ದ್ರವವಾಗಿ ನೀರನ್ನು ಬಿಟ್ಟು ಟಾಲ್ವೀನ್ ಅಥವಾ ಕ್ಸೈಲೀನ್ ಬಳಸಿ, ಆ ದಿನದ ತಾಪಕ್ಕೆ ತಕ್ಕ ಅದರ ಸಾಂದ್ರತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಉತ್ತರ – ಸೆರಾಮಿಕ್ ಎಂಜಿನಿಯರ್ (ನಿವೃತ್ತ), ಬಾಗಲಕೋಟೆ

ಟಿವಿ ಗಾಜಿನ ಪ್ರಶ್ನೆ ಹಾಗೆಯೇ ಉಳಿದಿದೆ. ಹಳೆಯ ಕೊಳವೆಯ ಹಿಂಭಾಗದ ಲಾಳಿಕೆಯಾಕಾರದ ಗಾಜಿನಲ್ಲಿ ತೂಕದ ಲೆಕ್ಕದಲ್ಲಿ ಶೇ. 20ಕ್ಕೂ ಮೀರಿ ಸೀಸದ ಆಕ್ಸೈಡ್ ಇರುತ್ತದೆ. ಮುಂಭಾಗದ ಪರದೆಯಲ್ಲಿ ಬೇರಿಯಂ, ಸ್ಟ್ರಾನ್ಷಿಯಂ ಇರುತ್ತವೆ. ಕೊಳವೆಯೊಳಗೆ ಹುಟ್ಟುವ ಎಕ್ಸ್-ರೇ ನೋಡುಗರಿಗೆ ತಾಕಬಾರದೆಂದೇ ಅವನ್ನು ಸೇರಿಸುತ್ತಿದ್ದರು. ಹಾಗಾಗಿ ಸಹೋದ್ಯೋಗಿಯ ಸಲಹೆಯನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ, ಈ ಗಾಜನ್ನು ಕಾಂಕ್ರೀಟಿಗೆ ಜಲ್ಲಿಯಾಗಿ ಬೆರೆಸುವ ಪ್ರಯೋಗಗಳೂ ನಡೆದಿವೆ. ಆದರೆ ನಿಮಗೆ ಬೇಕಾದದ್ದು ಸೀಸವಿಲ್ಲದ ಪಾರದರ್ಶಕ ಗಾಜು, ಇದು ಸೀಸವಿರುವ ಗಾಜು. ಜೊತೆಗೆ ಒಳಗೆ ನಿರ್ವಾತವಿರುವುದರಿಂದ ಕೊಳವೆ ಒಡೆಯುವಾಗ ಚೂರುಗಳು ಸಿಡಿಯುತ್ತವೆ, ಪರದೆಯ ಒಳಲೇಪದ ಪುಡಿ ಮೂಗಿಗೆ ಹೋಗುತ್ತದೆ. ಕಾಲೇಜಿನ ಹಿತ್ತಲಲ್ಲಿ ಮಾಡುವ ಕೆಲಸ ಇದಲ್ಲ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು.

ಬಾಟಲಿ ಗಾಜಿನ ಸಾಂದ್ರತೆ 2.5. ಸೀಸಿಯಂ, ಕೋಬಾಲ್ಟ್‌ಗಳ ಮಟ್ಟಿಗೆ ಅದು ಅಷ್ಟೇ ದಪ್ಪದ ಕಾಂಕ್ರೀಟಿಗಿಂತ ಒಂದು ಕೂದಲೆಳೆ ಮೇಲು, ನಮ್ಮ ಇಳಕಲ್ಲಿನ ಗ್ರಾನೈಟ್ ಅದಕ್ಕಿಂತಲೂ ಸ್ವಲ್ಪ ಹೆಚ್ಚೇ ತಡೆಯುತ್ತದೆ. ಅದನ್ನು ಬಿಸ್ಮತ್ ಗಾಜಿಗೆ ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ, ಕರಗಿಸುವ ತಾಪ ಏರುತ್ತದೆ, ತಾಪ ಏರಿದರೆ ಬಿಸ್ಮತ್ ಕಪ್ಪಾಗುತ್ತದೆ. ಬಾಟಲಿಯನ್ನು ಬಿಡಿ. ಉಳಿಸಿದ ಹಣದಲ್ಲಿ ಒಂದಿಷ್ಟು ಸೀರಿಯಂ ಆಕ್ಸೈಡ್ ತರಿಸಿಕೊಂಡು, ಶೇ. 30ರ ಗಾಜನ್ನು ಸೀರಿಯಂ ಹಾಕಿ ಒಂದು ಸಲ, ಹಾಕದೆ ಒಂದು ಸಲ ಎರೆಯಿರಿ. ಎರಡನ್ನೂ ಗಾಮಾ ವಿಕಿರಣ ಕೊಡುವ ಕೇಂದ್ರಕ್ಕೆ ಕಳುಹಿಸಿ, ಮೊದಲೂ ಆಮೇಲೂ ಅವುಗಳ ಮೂಲಕ ಹಾಯುವ ಬೆಳಕನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆದು ನೋಡಿ.